ಬಾಗಿಲಿಗೆ ಬಂದ ಅಂಜಲ್

ನಮ್ಮೂರಿನಿಂದ ಸಮುದ್ರ ಬಹಳ ದೂರ. ನಡುವೆ ಬೆಟ್ಟವಿದೆ, ಬೆಟ್ಟದಾಚೆ ಬಯಲಿದೆ, ಬಯಲು ಮುಗಿದ ಮೇಲೆ ಮತ್ತೆ ಬೆಟ್ಟವಿದೆಯಂತೆ. ಅಷ್ಟು ದೂರ ಹೋಗಿ ಬಂದವರು ನಮ್ಮಲ್ಲಿ ಕಡಿಮೆ. ಆದರೂ ಊರನ್ನು ಕಾಯುವ ನಮ್ಮ ಅಮ್ಮನ ದಯೆಯಿಂದ ಇಲ್ಲಿ ಮೀನಿಗೆ ಕೊರತೆಯಿಲ್ಲ. ಚಳಿ ಶುರುವಾದ ಮೇಲೆ ಒಂದು ಬೆಳಗಿನ ಜಾವ ಕೆಳಗಿನ ಕಣಿವೆಯಿಂದ ಮಂಜು ಏಳುತ್ತದೆ. ಹಾಲು ಉಕ್ಕಿದ ಹಾಗೆ ಉಕ್ಕಿ ಬೀದಿಗಳನ್ನೆಲ್ಲ ತುಂಬಿಕೊಳ್ಳುತ್ತದೆ. ಆ ಮಂಜಿನಲ್ಲಿ ಮೀನುಗಳು ಬರುತ್ತವೆ. ಬಂಗುಡೆ ಬರುತ್ತದೆ, ಭೂತಾಯಿ ಬರುತ್ತದೆ, ಕಾಣೆ, ಮಾಂಜಿ ಎಲ್ಲವೂ ಬರುತ್ತವೆ. ಎದೆಮಟ್ಟದ ಎತ್ತರದಲ್ಲಿ ಈಜಿಕೊಂಡು, ಬೀದಿಯ ತಿರುವಿನಲ್ಲಿ ತಿರುಗಿ, ಬಾವಿಕಟ್ಟೆಯನ್ನು ಸುತ್ತು ಹಾಕಿ, ಬಿಸಿಲು ಏರುವ ಮೊದಲು ಬಂದ ದಾರಿಯಲ್ಲೇ ಇಳಿದು ಹೋಗುತ್ತವೆ. ನಾವು ಮಾಳಿಗೆಯ ಮೇಲೆ ನಿಂತು ಬಲೆ ಬೀಸುತ್ತೇವೆ.

ಮಂಜಿನ ಮೀನಿನ ಮೈ ಒಣಗಿರುತ್ತದೆ, ಬೆಳಗಿಟ್ಟ ಕಂಚಿನ ಚೊಂಬಿನಷ್ಟು ತಣ್ಣಗಿರುತ್ತದೆ. ಅದು ಯಾವ ಬೀದಿಯಲ್ಲಿ ಹಾದು ಬಂತೋ ಆ ಬೀದಿಯ ರುಚಿ ಅದರ ಮಾಂಸಕ್ಕೆ ಇಳಿದಿರುತ್ತದೆ. ಕಮ್ಮಾರರ ಬೀದಿಯ ಬಂಗುಡೆಗೆ ಕೆಂಡದ ಮೇಲೆ ಇಡುವ ಮೊದಲೇ ಸುಟ್ಟ ಘಮ. ಕುಂಬಾರರ ಬೀದಿಯದಕ್ಕೆ ಮೊದಲ ಮಳೆಯ ಮಣ್ಣಿನ ವಾಸನೆ, ಬಸುರಿಯರು ಅದನ್ನೇ ಕೇಳಿ ತರಿಸಿಕೊಳ್ಳುತ್ತಾರೆ. ಶಾಲೆಯ ಬೀದಿಯ ಮೀನು ಸಪ್ಪೆ ಎಂದು ಊರೆಲ್ಲ ಹೇಳುತ್ತದೆ, ಮೇಷ್ಟರು ಮಾತ್ರ ಒಪ್ಪುವುದಿಲ್ಲ. ಇನ್ನು ಗಟ್ಟಿತನದ ಮಾತು. ಬಿಸಿಲು ತಾಗಿದ ಮೇಲೆ ಹಿಡಿದದ್ದು ಬೆಂದ ಕುಂಬಳಕಾಯಿಯ ಹಾಗೆ ಮೆತ್ತಗಾಗಿ ಸಾರಿನಲ್ಲಿ ಕರಗಿಹೋಗುತ್ತದೆ. ನಸುಕಿನಲ್ಲಿ ಹಿಡಿದದ್ದಾದರೆ ಬೆರಳಿನಿಂದ ಒತ್ತಿದ ಗುಳಿ ಕೂಡಲೇ ತುಂಬಿಕೊಳ್ಳುತ್ತದೆ, ಬೆಂದ ಮೇಲೆ ದಳದಳವಾಗಿ ಬಿಡಿಸಿಕೊಳ್ಳುತ್ತದೆ, ಹಲ್ಲಿಗೆ ಸಿಕ್ಕಾಗ ಸ್ವಲ್ಪ ತಡೆದು ಆಮೇಲೆ ಶರಣಾಗುತ್ತದೆ. ನಮ್ಮ ಮೀನಿಗೆ ಇಲ್ಲದ್ದು ಒಂದೇ, ಉಪ್ಪು. ಅದನ್ನು ಹೊರಗಿನಿಂದ ತರಬೇಕು.

ಮೀನಿನ ವಿಷಯದಲ್ಲಿ ನಮಗೊಂದು ಕಟ್ಟಳೆ ಇದೆ. ಬೀದಿಯಲ್ಲಿ ಈಜುವ ಮೀನು ಊರಿನದು, ಹೊಸ್ತಿಲು ದಾಟಿ ಒಳಗೆ ಬಂದ ಮೀನು ನೆಂಟ. ನೆಂಟರಿಗೆ ಕತ್ತಿ ತೋರಿಸುವ ಹಾಗಿಲ್ಲ. ಮರುದಿನದ ಮಂಜು ಬರುವವರೆಗೆ ಉಪಚರಿಸಿ ಕಳಿಸಿಕೊಡಬೇಕು. ಹೀಗಾಗಿ ಮಂಜಿನ ಹೊತ್ತಿನಲ್ಲಿ ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಕಿಟಕಿಯ ಸಂದಿಗೆ ಹಳೆ ಸೀರೆ ತುರುಕಿರುತ್ತೇವೆ. ಹಾಲು ಬೇಕಾದವರು ಮಾಳಿಗೆಯಿಂದ ಹಗ್ಗ ಕಟ್ಟಿ ಚೊಂಬು ಇಳಿಸುತ್ತಾರೆ. ಆದರೂ ಒಮ್ಮೊಮ್ಮೆ ಯಾರದೋ ಮನೆಯ ಬಚ್ಚಲ ಕಂಡಿಯಲ್ಲಿ ಒಂದು ಬಂಗುಡೆ ನುಗ್ಗಿಬಿಡುತ್ತದೆ. ಆ ದಿನ ಆ ಮನೆಯ ಒಲೆಯಿಂದ ಬಿಸಿನೀರಿನ ಪಾತ್ರೆ ಇಳಿಯುವುದಿಲ್ಲ. ಒಳಗೆ ಆವಿಯಾಡುತ್ತಿದ್ದರೆ ಮೀನಿಗೆ ಜೀವ. ಮನೆಯವರು ಒದ್ದೆ ಗೋಡೆಗಳ ನಡುವೆ ಸೊಪ್ಪಿನ ಸಾರು ಉಂಡು, ನೆಂಟನ ಎದುರು ಮೀನಿನ ಮಾತೆತ್ತದೆ ದಿನ ಕಳೆಯುತ್ತಾರೆ. ಮರುದಿನ ಬೀದಿಯವರು ನಗುತ್ತಾರೆ. ಅಲ್ಲಿಗೆ ಮುಗಿಯಿತು.

ಆದರೆ ಮೊದಲ ಮಂಜಿನ ದಿನದ ಮಾತು ಬೇರೆ. ಆ ದಿನ ಬರುವುದು ಒಂದೇ ಮೀನು, ಒಂದು ದೊಡ್ಡ ಅಂಜಲ್. ಅದನ್ನು ಹಿಡಿದು, ಸಾರು ಮಾಡಿ, ದೀಪ ಹಚ್ಚುವ ಹೊತ್ತಿಗೆ ಅಮ್ಮನಿಗೆ ಎಡೆ ಇಡಬೇಕು. ಅಮ್ಮ ಉಂಡ ಮೇಲೆಯೇ ಮರುದಿನದಿಂದ ಉಳಿದ ಮೀನುಗಳು ಬರುವುದು. ಅಮ್ಮ ಉಣ್ಣದಿದ್ದರೆ ಏನಾಗುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಯಾವ ವರ್ಷವೂ ಹಾಗೆ ಆಗಿರಲಿಲ್ಲ. ಅಮ್ಮ ಉಂಡಳೋ ಇಲ್ಲವೋ ಎಂದು ಹೇಳುವುದು ಗುಡಿಯ ಬೆಕ್ಕು. ಬೂದಿ ಬಣ್ಣದ, ಒಂದು ಕಿವಿ ಹರಿದ ಹೆಣ್ಣುಬೆಕ್ಕು. ಎಲ್ಲರೂ ಅದನ್ನು ಅಮ್ಮಣ್ಣಿ ಎನ್ನುತ್ತೇವೆ. ಎಡೆ ಇಟ್ಟು ತೆರೆ ಸರಿಸಿದ ಮೇಲೆ ಒಂದು ಸೌಟು ಸಾರನ್ನು ಅಮ್ಮಣ್ಣಿಯ ಎಲೆಗೆ ಬಿಡುತ್ತಾರೆ. ಅದು ನೆಕ್ಕಿದರೆ ಅಮ್ಮ ಒಪ್ಪಿದಳು ಎಂದು ಅರ್ಥ. ಅದಕ್ಕೆ ಮೊದಲು ಅಡುಗೆ ಮಾಡಿದವಳೂ ರುಚಿ ನೋಡುವಂತಿಲ್ಲ. ಕಣ್ಣು, ಮೂಗು, ಕೈ ಇಷ್ಟನ್ನೇ ನಂಬಿ ಅಡುಗೆ ಮಾಡಬೇಕು.

ಆ ಸಾರಿನ ಸೌಟು ನಮ್ಮ ಮನೆಯದು. ನನ್ನ ಅತ್ತೆ ಅದನ್ನು ನನಗೆ ಕೊಟ್ಟರು. ನಾನು ನನ್ನ ಸೊಸೆಗೆ ಕೊಡಬೇಕು. ಈಗ ಹೇಳುತ್ತಿರುವುದು ಆ ಕೊಡುವ ವರ್ಷದ ಕಥೆ.

ನನ್ನ ಮಗ ಚೆಲುವ ಉಪ್ಪು ತರಲು ಸಮುದ್ರದ ಕಡೆಗೆ ಹೋದವನು ಉಪ್ಪಿನ ಜೊತೆಗೆ ಒಂದು ಸುದ್ದಿಯನ್ನೂ ತಂದ. ಉಪ್ಪು ಅಳೆದು ಕೊಟ್ಟ ಮನೆಯ ಹುಡುಗಿಯನ್ನೇ ಮದುವೆಯಾಗುತ್ತೇನೆ ಎಂದ. ಬೇಸಿಗೆಯಲ್ಲಿ ಮದುವೆಯಾಯಿತು. ಹುಡುಗಿಯ ಹೆಸರು ಜಲಜಾಕ್ಷಿ. ಬರುವಾಗ ಒಂದು ಬಟ್ಟೆಚೀಲದ ತುಂಬ ಮುರುಗಲ ಹುಳಿಯ ಒಣಸಿಪ್ಪೆ ತಂದಿದ್ದಳು. ಅಲೆಯ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಎಂದು ಮೊದಲ ತಿಂಗಳು ಒರಳಿನ ಪಕ್ಕದಲ್ಲಿ ಮಲಗುತ್ತಿದ್ದಳು. ನಾನು ಉದ್ದಿನಬೇಳೆ ರುಬ್ಬುತ್ತಿದ್ದರೆ ಕಣ್ಣು ಮುಚ್ಚುತ್ತಿದ್ದಳು. ಮೀನಿನ ವಿದ್ಯೆ ಮಾತ್ರ ಅವಳಿಗೆ ರಕ್ತದಲ್ಲೇ ಇತ್ತು. ಕಿವಿರು ಯಾವ ಕೆಂಪಿಗೆ ಒಳ್ಳೆಯದು, ಕಣ್ಣು ಎಷ್ಟು ಉಬ್ಬಿರಬೇಕು, ಅಂಜಲಿನ ನಡುತುಂಡಿಗೂ ಬಾಲದ ತುಂಡಿಗೂ ಬೇಯುವ ಹೊತ್ತಿನಲ್ಲಿ ಏನು ವ್ಯತ್ಯಾಸ ಎಂದು ಅವಳು ಹೇಳುವಾಗ ನಾನೇ ಸುಮ್ಮನೆ ಕೂತು ಕೇಳುತ್ತಿದ್ದೆ.

ಎದುರು ಮನೆಯ ಮುದ್ದಕ್ಕನಿಗೆ ಇದು ಸರಿಬರಲಿಲ್ಲ. ಮುದ್ದಕ್ಕ ಕೆಟ್ಟವಳಲ್ಲ. ಕೈರುಚಿ ಇರುವ ಹೆಂಗಸು. ನಮ್ಮ ಸೌಟಿನ ಮೇಲೆ ಅವಳಿಗೆ ಬಹಳ ವರ್ಷದಿಂದ ಆಸೆ. ಉಪ್ಪುನೀರಿನ ಮೀನು ತಿಂದು ಬೆಳೆದವಳು ನಮ್ಮ ಅಮ್ಮನಿಗೆ ಏನು ಬೇಯಿಸುತ್ತಾಳೆ ಎಂದು ಅವಳು ಬಾವಿಕಟ್ಟೆಯಲ್ಲಿ ಕೇಳಿದಳು, ಗುಡಿಯಲ್ಲಿ ಕೇಳಿದಳು, ಕೊನೆಗೆ ನನ್ನ ಜಗಲಿಯ ಮೇಲೆ ಕೂತು ನನ್ನ ಎಲೆಅಡಿಕೆ ಹಾಕಿಕೊಂಡೇ ಕೇಳಿದಳು. ಗುಡಿಯ ಪೂಜಾರಿ ಅಂತಯ್ಯಜ್ಜ ಒಂದು ತೀರ್ಮಾನ ಮಾಡಿದರು. ಈ ವರ್ಷ ಹುಡುಗಿ ಮಾಡಲಿ. ಅಮ್ಮ ಒಪ್ಪಿದರೆ ಸೌಟು ಅವಳದು. ಒಪ್ಪದಿದ್ದರೆ ಸೌಟು ಬೀದಿ ದಾಟಿ ಮುದ್ದಕ್ಕನ ಮನೆಗೆ ಹೋಗಲಿ. ಜಲಜಾ ಆ ದಿನ ಊಟ ಮಾಡಲಿಲ್ಲ. ಸೌಟು ಹೋದರೆ ನಾನು ಹೇಗೆ ಈ ಬೀದಿಯಲ್ಲಿ ತಲೆಯೆತ್ತಿ ನಡೆಯಲಿ ಎಂದು ಚೆಲುವನ ಹತ್ತಿರ ಹೇಳಿದಳಂತೆ.

ಮೊದಲ ಮಂಜು ಬಂತು. ಜಲಜಾ ಜಾವಕ್ಕೆ ಮೊದಲೇ ಎದ್ದು, ತಲೆಗೆ ನೀರು ಹಾಕಿಕೊಂಡು, ಮಡಿಯಲ್ಲಿ ಮಸಾಲೆ ರುಬ್ಬಿಟ್ಟಳು. ಒಣಮೆಣಸು, ಹುರಿದ ಕೊತ್ತಂಬರಿ, ಚೂರು ಮೆಂತೆ, ಬೆಳ್ಳುಳ್ಳಿ, ತೆಂಗಿನ ತುರಿ. ನಾನೂ ಚೆಲುವನೂ ಬಲೆ ಹಿಡಿದು ಮಾಳಿಗೆ ಹತ್ತಿದೆವು. ಎದುರು ಮಾಳಿಗೆಯ ಮೇಲೆ ಮುದ್ದಕ್ಕ ಕಂಬಳಿ ಹೊದ್ದು ಕೂತಿದ್ದಳು. ಆ ದಿನ ಬಲೆ ಬೀಸುವ ಹಕ್ಕು ನಮಗೆ ಮಾತ್ರ. ಅವಳು ಬಂದದ್ದು ನೋಡುವುದಕ್ಕೆ.

ಅಂಜಲ್ ಬಂತು. ಅಷ್ಟು ಚಂದದ ಮೀನನ್ನು ನಾನು ಕಂಡಿರಲಿಲ್ಲ. ಬೆನ್ನು ನೀಲಿ, ಹೊಟ್ಟೆ ಬೆಳ್ಳಿ, ಮೈಮೇಲೆ ಯಾರೋ ಬೆರಳದ್ದಿ ಇಟ್ಟ ಹಾಗೆ ಬೂದುಚುಕ್ಕೆಗಳ ಸಾಲು. ಅವಸರವಿಲ್ಲದೆ ಬೀದಿಯ ನಡುವೆ ಬಂತು. ಚೆಲುವ ಬಲೆ ಎತ್ತಿದ. ಮೀನು ನಮ್ಮ ಮನೆಯ ಎದುರಿಗೆ ಬಂದದ್ದು ಸಟ್ಟನೆ ಜಗಲಿಯ ಕಡೆಗೆ ತಿರುಗಿತು. ಜಗಲಿಯ ಮಾಡಿನ ಅಡಿಗೆ ಬಲೆ ಹೋಗುವುದಿಲ್ಲ. ಅಲ್ಲಿ ನಿಂತು ಮೂತಿಯಿಂದ ಬಾಗಿಲು ತಟ್ಟಿತು. ಟಕ್, ಟಕ್.

ಮಂಜಿನ ಹೊತ್ತಿನಲ್ಲಿ ನಮ್ಮೂರಿನಲ್ಲಿ ಯಾರೂ ಬಾಗಿಲು ತಟ್ಟುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದೂ ಇಲ್ಲ. ಬಾಗಿಲು ತೆಗೆಯಬೇಡ ಎಂದು ಜಲಜಾಗೆ ನಾನು ಹೇಳಿದ್ದೆ, ತಟ್ಟಿದರೆ ಏನು ಮಾಡಬೇಕು ಎಂದು ಹೇಳಿರಲಿಲ್ಲ. ಅವಳು ಹುಟ್ಟಿದ ಮನೆಯಲ್ಲಿ ಬಾಗಿಲಿಗೆ ಬಂದವರನ್ನು ಚಳಿಯಲ್ಲಿ ನಿಲ್ಲಿಸುವ ಪದ್ಧತಿಯಿಲ್ಲ. ಗುಡಿಯಿಂದ ಹಿರಿಯರು ಬಂದರು ಎಂದುಕೊಂಡು, ಸೆರಗು ಹೊದ್ದು, ತಲೆ ತಗ್ಗಿಸಿ ಬಾಗಿಲು ತೆಗೆದಳು. “ಬನ್ನಿ, ಒಳಗೆ ಬನ್ನಿ” ಎಂದಳು.

ಅದು ಒಳಗೆ ಹೋಯಿತು.

ಎದುರು ಮಾಳಿಗೆಯಲ್ಲಿ ಮುದ್ದಕ್ಕ ಎದ್ದು ನಿಂತದ್ದು ಮಂಜಿನಲ್ಲೂ ಕಾಣಿಸಿತು. “ದುಗ್ಗಕ್ಕ,” ಎಂದು ನನ್ನನ್ನು ಕರೆದಳು, ಬಹಳ ಮೆತ್ತಗೆ. “ನಿನ್ನ ಸೊಸೆ ಬನ್ನಿ ಅಂದ್ಲು. ನನ್ನ ಕಿವಿಯಾರೆ ಕೇಳ್ದೆ ಕಣವ್ವ.”

ನಾನು ಕೆಳಗಿಳಿದು ಬಂದಾಗ ಜಲಜಾ ಬಾಗಿಲಿಗೆ ಒರಗಿ ನಿಂತಿದ್ದಳು. “ತಲೆ ತಗ್ಗಿಸಿ ಹೇಳಿದೆ ಅತ್ತೆ,” ಎಂದಳು. “ತಲೆ ಎತ್ತುವಾಗ ಮೀನು.” ಅಂಜಲ್ ಮನೆ ನೋಡುತ್ತಿತ್ತು. ದೇವರ ಗೂಡಿನ ಮುಂದೆ ಸ್ವಲ್ಪ ನಿಂತಿತು. ಅಡುಗೆಮನೆಗೆ ಇಣುಕಿತು. ಆಮೇಲೆ ಗೋಡೆಯ ಕನ್ನಡಿಯ ಮುಂದೆ ಹೋಗಿ ಬಹಳ ಹೊತ್ತು ನಿಂತಿತು, ಮದುವೆಗೆ ಹೊರಟವರ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ ನೋಡಿಕೊಂಡಿತು. ಜಲಜಾಗೆ ಅಷ್ಟು ಸಂಕಟದಲ್ಲೂ ತಡೆಯಲಾಗಲಿಲ್ಲ. ಎಂಥ ಗಟ್ಟಿ ಮೈ ಅತ್ತೆ, ನಡುತುಂಡು ಒಂದೊಂದೂ ತಟ್ಟೆಯಷ್ಟು ಅಗಲ ಬರುತ್ತಿತ್ತು ಎಂದು ಪಿಸುಗುಟ್ಟಿದಳು. ನಾನು ಅವಳ ಬಾಯಿ ಮುಚ್ಚಿದೆ. ನೆಂಟರ ಎದುರು ಆಡುವ ಮಾತೇ ಅದು?

ಅಂತಯ್ಯಜ್ಜನನ್ನು ಕರೆಸಿದೆವು. ತಪ್ಪಿ ಕರೆದದ್ದು ಕರೆದ ಲೆಕ್ಕಕ್ಕೆ ಬರುತ್ತದೆಯೇ ಎಂದು ಜಗಲಿಯ ಮೇಲೆ ಹಿರಿಯರ ನಡುವೆ ಮಾತಾಯಿತು. ಅಜ್ಜ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿದರು. ತಪ್ಪಿ ಕರೆದ ನೆಂಟನ ಹೊಟ್ಟೆಗೂ ಹಸಿವೆ ಒಂದೇ, ಆದ್ದರಿಂದ ನೆಂಟನೇ ಎಂದು ಹೇಳಿದರು. ಸಾಯಂಕಾಲದ ಎಡೆಗೆ ಏನು ಮಾಡುತ್ತೀರಿ ಎಂದು ಅವರು ಕೇಳಲಿಲ್ಲ. ಕೇಳದೆ ನನ್ನ ಮುಖ ನೋಡಿ ಹೋದರು.

ಒಳಗೆ ಬಂದರೆ ಜಲಜಾ ತನ್ನ ಸೀರೆಗಳನ್ನು ಬಟ್ಟೆಚೀಲಕ್ಕೆ ತುಂಬುತ್ತಿದ್ದಳು. ಹುಳಿಸಿಪ್ಪೆಯನ್ನು ಹೊರಗೆ ಸುರಿದು ಆ ಜಾಗದಲ್ಲಿ ಸೀರೆ ತುರುಕುತ್ತಿದ್ದಳು. ಊರಿನ ಮೀನನ್ನೆಲ್ಲ ನಿಲ್ಲಿಸಿದವಳು ಊರಿನಲ್ಲಿರುವುದು ಹೇಗೆ ಎನ್ನುತ್ತಿದ್ದಳು. ಚೆಲುವ ಪಕ್ಕದಲ್ಲಿ ಕೂತು ತಾನೂ ಒಂದು ಪಂಚೆ ಮಡಿಸುತ್ತಿದ್ದ. ಇಬ್ಬರನ್ನೂ ನೋಡಿ ನನಗೆ ಅಳು ಬರಬೇಕಿತ್ತು, ಆದರೆ ಅಷ್ಟರಲ್ಲಿ ಬಿಸಿಲು ಕಿಟಕಿಗೆ ಬಂತು. ಒಳಗೆ ಉಳಿದಿದ್ದ ಮಂಜು ತೆಳ್ಳಗಾಯಿತು. ಅಂಜಲ್ ಮೆಲ್ಲಗೆ ಕೆಳಗಿಳಿಯತೊಡಗಿತು. ಎದೆಮಟ್ಟದಿಂದ ಸೊಂಟದ ಮಟ್ಟಕ್ಕೆ, ಸೊಂಟದಿಂದ ಮೊಣಕಾಲಿಗೆ. ಅದರ ಬಾಯಿ ತೆರೆದು ತೆರೆದು ಮುಚ್ಚುತ್ತಿತ್ತು.

“ಹೋಗೋದಾದ್ರೆ ಹೋಗು,” ಎಂದೆ ನಾನು. “ನೆಂಟರನ್ನ ಕಳಿಸ್ಬುಟ್ಟು ಹೋಗು. ಕರೆದೋಳು ನೀನು.”

ಅವಳು ಚೀಲ ಬಿಟ್ಟು ಎದ್ದಳು.

ಬಂಗುಡೆಗಾದರೆ ಒಂದು ಪಾತ್ರೆಯ ಆವಿ ಸಾಕು. ಈ ಅಂಜಲಿಗೆ ನಮ್ಮ ಒಲೆಗಳೆಲ್ಲ ಉರಿದರೂ ಸಾಲಲಿಲ್ಲ. ಆಗ ಬಾಗಿಲಲ್ಲಿ ಏನೋ ಬಡಿದ ಸದ್ದಾಯಿತು. ನೋಡಿದರೆ ಮುದ್ದಕ್ಕ, ತನ್ನ ಬಚ್ಚಲ ಹಂಡೆಯನ್ನು ಉರುಳಿಸಿಕೊಂಡು ಬರುತ್ತಿದ್ದಾಳೆ. ಗೆದ್ದವಳು ನಗಲು ಬಂದಳು ಎಂದುಕೊಂಡೆ. ಅವಳು ನೆಲದ ಹತ್ತಿರ ತೇಲುತ್ತಿದ್ದ ಮೀನನ್ನು ನೋಡಿ ಹಂಡೆಯನ್ನು ನೆಟ್ಟಗೆ ನಿಲ್ಲಿಸಿದಳು. “ನೆಂಟ್ರು ನಿಮ್ಮನೇಗೆ ಬಂದಿರಬೋದು,” ಎಂದಳು. “ಸತ್ರೆ ಬೀದಿಗೆಲ್ಲ ಸೂತಕ. ಸೌದೆ ಎಲ್ಲಿಟ್ಟಿದ್ದೀಯ?” ಅವಳ ಹಿಂದೆ ಉಳಿದ ಮನೆಗಳಿಂದಲೂ ಪಾತ್ರೆಗಳು ಬಂದವು. ಪಡಸಾಲೆಯಲ್ಲಿ ಕಲ್ಲುಗಳನ್ನಿಟ್ಟು ಒಲೆ ಹೂಡಿದೆವು. ಮನೆಯೆಲ್ಲ ಬೆಳ್ಳಗಾಯಿತು. ಅಂಜಲ್ ಮತ್ತೆ ಎದ್ದಿತು.

ಎದ್ದದ್ದು ನಿಲ್ಲಲಿಲ್ಲ. ಸೂರಿನವರೆಗೂ ಏರಿ ತೊಲೆಗೆ ಮೂತಿ ಬಡಿಯಿತು. ಗೋಡೆಗೆ ಬಡಿಯಿತು. ದಿಕ್ಕು ತಪ್ಪಿದ ಹಾಗೆ ಅಡುಗೆಮನೆಗೂ ಪಡಸಾಲೆಗೂ ಅಲೆಯತೊಡಗಿತು. ಮುದ್ದಕ್ಕ ಕೈಮುಗಿದು, ಕೂತ್ಕೊ ತಾಯಿ, ಕೂತ್ಕೊ ಎಂದು ಬೇಡಿಕೊಂಡಳು. ಜಲಜಾ ಮಾತ್ರ ಅದನ್ನು ಬಹಳ ಹೊತ್ತು ನೋಡುತ್ತಾ ನಿಂತಳು. ನಾನು ಒರಳು ತಿರುಗಿಸುವಾಗ ಅವಳು ಕಣ್ಣು ಮುಚ್ಚುತ್ತಿದ್ದ ರೀತಿ ಆಗ ನನಗೆ ಏಕೋ ನೆನಪಾಯಿತು.

“ಬರೀ ನೀರಿನ ಆವಿ ಇದಕ್ಕೆ ಸಾಕಾಗುದಿಲ್ಲ ಅತ್ತೆ,” ಎಂದಳು. “ಇದು ನಮ್ಮೂರಿನದ್ದು. ಇದಕ್ಕೆ ಉಪ್ಪು ಬೇಕು.”

ಚೆಲುವ ತಂದಿದ್ದ ಉಪ್ಪನ್ನು ಮುಷ್ಟಿಯಲ್ಲಿ ತೆಗೆದು ದೊಡ್ಡ ಪಾತ್ರೆಗೆ ಹಾಕಿದಳು. ಆವಿಯ ವಾಸನೆ ಬದಲಾಯಿತು. ಮೀನು ಅಲೆಯುವುದನ್ನು ನಿಲ್ಲಿಸಿತು. ಸುರಿದಿದ್ದ ಮುರುಗಲ ಸಿಪ್ಪೆಯನ್ನು ಬಾಚಿ ತಂದು ಹಾಕಿದಳು. ಮೀನು ಪಾತ್ರೆಯ ಹತ್ತಿರ ಇಳಿಯಿತು. ಆಮೇಲೆ ಅವಳು ಮಡಿಯಲ್ಲಿ ರುಬ್ಬಿಟ್ಟಿದ್ದ ಮಸಾಲೆಯ ಕಡೆಗೆ ನೋಡಿದಳು. ನೆಂಟರನ್ನು ಕರೆದು ಅವರ ಸಾರನ್ನೇ ಅವರೆದುರು ಕುದಿಸುವುದುಂಟೇ? ಅವಳು ಹೇಳಿದಳು, ಇದು ಅಮ್ಮನಿಗೆಂದು ರುಬ್ಬಿದ್ದು, ಇಟ್ಟರೆ ಹಳಸುತ್ತದೆ, ಚೆಲ್ಲಿದರೆ ಪಾಪ, ಹಾಕಿಬಿಡುತ್ತೇನೆ ಎಂದು. ಹಾಕಿದಳು.

ನಂಬಿದರೆ ನಂಬಿ, ಅಂಜಲ್ ಪಾತ್ರೆಯ ಬಾಯಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಬಂದು ನಿಂತಿತು. ಆವಿಯಲ್ಲಿ ಮೆಲ್ಲಗೆ ಸುತ್ತು ಹಾಕತೊಡಗಿತು. ಬಿಸಿನೀರಿನ ಸ್ನಾನಕ್ಕೆ ಕೂತ ಹಿರಿಯರ ಮುಖದಲ್ಲಿ ಬರುತ್ತದಲ್ಲ ಒಂದು ನೆಮ್ಮದಿ, ಅಂಥದ್ದು ಅದರ ಮೈಯಲ್ಲಿ ಬಂತು. ಆವಿ ಅದರ ಹೊಟ್ಟೆಗೆ ತಾಗಿ ಹನಿಗಟ್ಟಿ ತಿರುಗಿ ಪಾತ್ರೆಗೇ ಬೀಳುತ್ತಿತ್ತು. ಬೆಳಿಗ್ಗೆಯಿಂದ ಇಳಿಮಧ್ಯಾಹ್ನದವರೆಗೆ ಅದು ಸುತ್ತುತ್ತಲೇ ಇತ್ತು, ಹನಿ ಬೀಳುತ್ತಲೇ ಇತ್ತು, ಜಲಜಾ ಉರಿ ಹೆಚ್ಚಿಸದೆ ತಗ್ಗಿಸದೆ ಒಲೆಯ ಮುಂದೆ ಕೂತೇ ಇದ್ದಳು. ಅವಳು ಅದಕ್ಕೆ ಸಣ್ಣ ದನಿಯಲ್ಲಿ ಏನೋ ಹೇಳುತ್ತಿದ್ದಳು. ಕಿವಿಗೊಟ್ಟು ಕೇಳಿದೆ. ತನ್ನ ತಾಯಿಯ ಮನೆಯ ಸುದ್ದಿ ವಿಚಾರಿಸುತ್ತಿದ್ದಳು.

ಬಿಸಿಲು ವಾಲಿದಾಗ ಮುದ್ದಕ್ಕ ಸೌದೆ ಹಾಕಲು ಬಗ್ಗಿದವಳು ಹಾಗೇ ನಿಂತಳು. ಮೂಗು ಎಳೆದುಕೊಂಡಳು. ನನ್ನನ್ನು ನೋಡಿದಳು. ನಾನೂ ಹತ್ತಿರ ಹೋದೆ. ಪಾತ್ರೆಯಿಂದ ಅಂಜಲ್ ಸಾರಿನ ವಾಸನೆ ಬರುತ್ತಿತ್ತು. ಬಗ್ಗಿ ನೋಡಿದೆ. ಕೆಂಪು ಸಾರಿನ ಅಂಚಿನಲ್ಲಿ ಬೆಳ್ಳಿಕಾಸಿನ ಹಾಗೆ ಸಣ್ಣ ಸಣ್ಣ ಜಿಡ್ಡಿನ ಬಿಲ್ಲೆಗಳು ತೇಲುತ್ತಿದ್ದವು. ನಸುಕಿನಲ್ಲಿ ಹಿಡಿದ ಒಳ್ಳೆಯ ಅಂಜಲ್ ಬೆಂದಾಗ ಮಾತ್ರ ಬಿಡುವ ಜಿಡ್ಡು ಅದು. ನೆಂಟರು ಮೇಲೆ ಆರಾಮಾಗಿ ಸುತ್ತುತ್ತಿದ್ದರು, ಒಂದು ರೆಕ್ಕೆಯೂ ಕೊಂಕಿರಲಿಲ್ಲ.

ಇದನ್ನೇ ಎಡೆಗೆ ಒಯ್ಯೋಣ ಎಂದೆ ನಾನು. ಜಲಜಾ ಹೆದರಿದಳು. ಸಾರಿದೆ, ಮೀನಿಲ್ಲ. ವಾಸನೆಯಿದೆ, ರುಚಿ ಹೇಗಿದೆಯೋ ಗೊತ್ತಿಲ್ಲ. ಒಂದು ತೊಟ್ಟು ನಾಲಿಗೆಗೆ ಹಾಕಿ ನೋಡಿದರೆ ತಿಳಿಯುತ್ತಿತ್ತು, ಅದು ಮಾತ್ರ ಮಾಡುವಂತಿಲ್ಲ. ಮೀನು ಕೊಡದಿದ್ದವಳು ನೀರು ಕೊಟ್ಟು ಅಮ್ಮನನ್ನು ಗೇಲಿ ಮಾಡಿದಳು ಎಂದಾಗುವುದಿಲ್ಲವೇ ಎಂದು ಕೇಳಿದಳು. ನನಗೆ ತಿಳಿದದ್ದು ಇಷ್ಟೇ. ಅಮ್ಮನ ಹತ್ತಿರ ಹೋಗುವಾಗ ಇದ್ದದ್ದನ್ನು ಹಿಡಿದುಕೊಂಡು ಹೋಗಬೇಕು. ಇಲ್ಲದ್ದನ್ನು ನೆನೆದು ಮನೆಯಲ್ಲಿ ಕೂರುವುದು ಅವಳಿಗೆ ಹಿಡಿಸುವುದಿಲ್ಲ. ಮುದ್ದಕ್ಕನನ್ನು ಆವಿ ನೋಡಿಕೊಳ್ಳಲು ಬಿಡೋಣವೆಂದರೆ ಅವಳು ಒಪ್ಪಲಿಲ್ಲ, ತನಗೂ ನೋಡಬೇಕಿತ್ತು. ಇನ್ನೊಂದು ಹಂಡೆಗೆ ಉಪ್ಪು ಹಾಕಿ, ಅದರ ಮುಂದೆ ಚೆಲುವನನ್ನು ಕೂರಿಸಿ, ಸಾರಿನ ಪಾತ್ರೆ ಹೊತ್ತು ಹೊರಟೆವು.

ಗುಡಿಯ ಮುಂದೆ ಊರೇ ನಿಂತಿತ್ತು. ಅಂತಯ್ಯಜ್ಜ ಪಾತ್ರೆಯ ಮುಚ್ಚಳ ತೆಗೆದು ಸೌಟು ಆಡಿಸಿದರು. ತಳದವರೆಗೂ ಆಡಿಸಿದರು. ಸೌಟಿಗೆ ಏನೂ ತಾಗಲಿಲ್ಲ.

“ಮೀನೆಲ್ಲಿ ಮಗಳೇ?”

“ಮನೆಯಲ್ಲುಂಟು ಅಜ್ಜ,” ಎಂದಳು ಜಲಜಾ. “ನೆಂಟರು.”

ಹಿಂದೆ ಯಾರೋ ನಕ್ಕರು, ಯಾರೋ ಗೊಣಗಿದರು. ಅಜ್ಜ ಪಾತ್ರೆಯನ್ನು ಅಮ್ಮನ ಮುಂದಿಟ್ಟು ತೆರೆ ಎಳೆದರು. ದೀಪದ ಬೆಳಕು ತೆರೆಯ ಮೇಲೆ ಆಡುತ್ತಿತ್ತು. ನಾನು ಕಣ್ಣು ಮುಚ್ಚಿ ಅಮ್ಮನಿಗೆ ಹೇಳಿಕೊಂಡೆ. ಹುಡುಗಿ ಬನ್ನಿ ಅಂದಳು ತಾಯಿ, ಬಾಗಿಲು ಹಾಕಿದ್ದರೆ ನಿನಗೆ ಮೀನಿರುತ್ತಿತ್ತು, ಬಾಗಿಲು ತೆಗೆದದ್ದು ತಪ್ಪಾದರೆ ಆ ತಪ್ಪನ್ನು ನಾನು ಹೊರುತ್ತೇನೆ ಎಂದು.

ತೆರೆ ಸರಿಯಿತು. ಅಮ್ಮಣ್ಣಿಯ ಎಲೆಗೆ ಒಂದು ಸೌಟು ಸಾರು ಬಿಟ್ಟರು. ಬೆಕ್ಕು ಮೂಲೆಯಿಂದ ಎದ್ದು ಬಂತು, ಬೆನ್ನು ಸೆಟೆದು ಮೈಮುರಿಯಿತು, ಎಲೆಯ ಹತ್ತಿರ ಮೂಗಿಟ್ಟಿತು. ಮೂಗು ತೆಗೆಯಿತು. ಎಲೆಯನ್ನು ಒಂದು ಸುತ್ತು ಬಂತು. ಆಮೇಲೆ ಬಾಲ ಎತ್ತಿಕೊಂಡು, ಜನರ ಕಾಲುಗಳ ನಡುವೆ ನುಸುಳಿ, ಗುಡಿಯಿಂದ ಹೊರಗೆ ನಡೆದುಬಿಟ್ಟಿತು.

ಜಲಜಾಳ ಕೈ ನನ್ನ ಕೈಯಲ್ಲಿತ್ತು, ತಣ್ಣಗೆ, ಮಂಜಿನ ಮೀನಿನ ಹಾಗೆ. ಬಾಗಿಲಲ್ಲಿದ್ದವರು ಬೆಕ್ಕು ಎಲ್ಲಿಗೆ ಹೋಗುತ್ತಿದೆ ಎಂದು ನೋಡಿದರು. ಅದು ಬೀದಿ ದಾಟಿ ನಮ್ಮ ಜಗಲಿ ಹತ್ತಿತು. ಮುಚ್ಚಿದ ಬಾಗಿಲಿನ ಕೆಳಸಂದಿಗೆ ಮೂಗಿಟ್ಟು, ಅಲ್ಲಿಂದ ಬರುತ್ತಿದ್ದ ಆವಿಯನ್ನು ಮೂಸಿತು. ಕಿವಿ ನಿಮಿರಿಸಿತು. ಒಂದು ಸಲ ಮಿಯಾಂವ್ ಎಂದಿತು. ಆಮೇಲೆ ಬಂದ ದಾರಿಯಲ್ಲೇ ಹಿಂತಿರುಗಿ, ಮತ್ತೆ ನಮ್ಮ ಕಾಲುಗಳ ನಡುವೆ ನುಸುಳಿ, ಎಲೆಯ ಮುಂದೆ ಕೂತು ಸಾರನ್ನು ನೆಕ್ಕತೊಡಗಿತು. ಎಲೆ ಬರಿದಾದ ಮೇಲೂ ನೆಕ್ಕಿತು.

“ನೆಂಟರನ್ನ ವಿಚಾರಿಸ್ಕೊಂಡು ಬಂತು,” ಎಂದರು ಅಂತಯ್ಯಜ್ಜ. ಅವರ ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದರು. ಸೌಟನ್ನು ಅಮ್ಮನ ಪಾದಕ್ಕೆ ಮುಟ್ಟಿಸಿ ಜಲಜಾಳ ಕೈಗೆ ಕೊಟ್ಟರು. ಬಡಿಸು ಮಗಳೇ ಎಂದರು.

ಊರೆಲ್ಲ ಸಾಲಾಗಿ ಕೂತಿತು. ಬಿಸಿ ಅನ್ನದ ಮೇಲೆ ಬರೀ ಸಾರು. ಆ ರುಚಿಯನ್ನು ಹೇಗೆ ಹೇಳಲಿ? ಮೊದಲು ಹುಳಿ, ಆಮೇಲೆ ಖಾರ, ಆಮೇಲೆ ಅಂಜಲಿನ ಆ ಸಿಹಿ, ಎಲ್ಲವೂ ತಮ್ಮ ತಮ್ಮ ಹೊತ್ತಿಗೆ ಬಂದವು. ತುಂಡಿಲ್ಲ, ಆದರೂ ಬಾಯಿ ಅಗಿಯುತ್ತಿತ್ತು. ಹಲ್ಲಿಗೆ ಏನೋ ಸಿಕ್ಕಿ, ಸ್ವಲ್ಪ ತಡೆದು, ದಳದಳವಾಗಿ ಬಿಡಿಸಿಕೊಂಡ ಹಾಗಾಗುತ್ತಿತ್ತು. ನನ್ನ ಎದುರಿಗೆ ಮುದ್ದಕ್ಕ ಕೂತಿದ್ದಳು. ತಲೆ ಎತ್ತದೆ ಉಣ್ಣುತ್ತಿದ್ದಳು. ನಡುವೆ ನಿಲ್ಲಿಸಿ, ಎರಡು ಬೆರಳು ಬಾಯಿಗೆ ಹಾಕಿ, ಜೋಪಾನವಾಗಿ ಒಂದು ಮುಳ್ಳು ತೆಗೆದು ಎಲೆಯ ಅಂಚಿನಲ್ಲಿಟ್ಟಳು. ಇಟ್ಟ ಮೇಲೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ನಾನು ನೋಡುತ್ತಿರುವುದು ಅವಳಿಗೆ ಗೊತ್ತಾಯಿತು. “ಉಪ್ಪು ಒಂದು ಕಲ್ಲು ಹೆಚ್ಚಾಯ್ತು,” ಎಂದಳು, ಮತ್ತು ಇನ್ನೊಂದು ಸೌಟಿಗೆ ಕೈ ಚಾಚಿದಳು.

ಮರುದಿನ ಮಂಜು ಬಂದಾಗ ಬೀದಿಯ ಮಾಳಿಗೆಗಳ ಮೇಲೆಲ್ಲ ಜನ ಬಲೆ ಹಿಡಿದು ನಿಂತಿದ್ದರು, ಮೀನು ಬರುತ್ತದೋ ಇಲ್ಲವೋ ಎಂದು. ಜಲಜಾ ಅಂಜಲಿನ ಹಣೆಗೆ ಚಿಟಿಕೆ ಕುಂಕುಮ ಇಟ್ಟಳು. ಬಾಗಿಲು ತೆಗೆದಳು. “ಹೋಗಿ ಬನ್ನಿ,” ಎಂದಳು. “ಅಮ್ಮನಿಗೆ ನಾನು ಚೆನ್ನಾಗಿದ್ದೇನೆಂದು ಹೇಳಿ.” ಯಾವ ಅಮ್ಮನಿಗೆ ಎಂದು ನಾನು ಕೇಳಲಿಲ್ಲ. ಅದು ಹೊಸ್ತಿಲು ದಾಟಿ ಬೀದಿಗಿಳಿಯಿತು. ಯಾರೂ ಬಲೆ ಎತ್ತಲಿಲ್ಲ. ಗಂಡಸರು ತಲೆಗೆ ಸುತ್ತಿದ್ದ ವಸ್ತ್ರ ತೆಗೆದು ದಾರಿ ಬಿಟ್ಟರು. ಅದು ಇಳಿಜಾರಿನಲ್ಲಿ ಮಾಯವಾಗಿ ನಾವು ಉಸಿರು ಬಿಡುವಷ್ಟರಲ್ಲಿ ಬಂದವು ನೋಡಿ ಬಂಗುಡೆಗಳು, ಬೀದಿಯ ಈ ಗೋಡೆಯಿಂದ ಆ ಗೋಡೆಯವರೆಗೆ, ಮಂಜು ಕಾಣದಷ್ಟು.

ಬಟ್ಟೆಚೀಲದಿಂದ ಸೀರೆಗಳು ಯಾವಾಗ ಹೊರಗೆ ಬಂದವೋ ನನಗೆ ತಿಳಿಯದು. ಸಂಜೆ ನೋಡಿದಾಗ ಚೀಲ ಅಡುಗೆಮನೆಯ ಗೂಟದಲ್ಲಿ ತೂಗುತ್ತಿತ್ತು, ಚೆಲುವನ ಪಂಚೆ ಮಾತ್ರ ಅದರಲ್ಲೇ ಉಳಿದಿತ್ತು.

ಅಂದಿನಿಂದ ಮೊದಲ ಮೀನಿಗೆ ನಮ್ಮೂರಿನಲ್ಲಿ ಬಲೆಯಿಲ್ಲ. ಆವಿಯ ಸಾರೇ ಅಮ್ಮನ ಎಡೆ. ಮುಂದಿನ ವರ್ಷ ಅದೇ ಅಂಜಲ್ ಬಂತು, ಹಣೆಯಲ್ಲಿ ಮಾಸಿದ ಕೆಂಪು ಇನ್ನೂ ಇತ್ತು. ನಾವು ಮನೆ ಸಾರಿಸಿ, ಹಂಡೆ ಕಾಯಿಸಿ, ಬಾಗಿಲ ಹಿಂದೆ ಸೌಟು ಹಿಡಿದು ನಿಂತಿದ್ದೆವು. ತಟ್ಟಿದ ಸದ್ದು ಕೇಳಿತು, ಆದರೆ ನಮ್ಮ ಬಾಗಿಲಿನಲ್ಲಲ್ಲ. ಇಣುಕಿದರೆ ಅದು ಎದುರು ಮನೆಯ ಜಗಲಿಯ ಮೇಲೆ ನಿಂತಿದೆ. ಬಾಗಿಲು ತೆರೆದಿದೆ. ಮುದ್ದಕ್ಕ ಮದುವೆಯ ಸೀರೆಯುಟ್ಟು, ತಲೆ ತಗ್ಗಿಸಿ, ಬೀದಿಗೆಲ್ಲ ಕೇಳುವ ಹಾಗೆ ಬನ್ನಿ, ಬನ್ನಿ, ಒಳಗೆ ಬನ್ನಿ ಎನ್ನುತ್ತಿದ್ದಾಳೆ.

ಮೀನು ಒಳಗೆ ಹೋದ ಮೇಲೆ ಅವಳು ತಲೆ ಎತ್ತಿ ನಮ್ಮ ಮನೆಯ ಕಡೆ ನೋಡಿದಳು. “ನಿಂತ್ಕಂಡು ಏನ್ ನೋಡ್ತೀಯೇ ಜಲಜಾ,” ಎಂದು ಕೂಗಿದಳು. “ಸೌಟು ತಗಂಡು ಬಾ. ನಂಗೆ ಉಪ್ಪಿನ ಹದ ಗೊತ್ತಿಲ್ಲ.”

ಜಲಜಾ ಹಾಗೇ ಬರಿಗಾಲಿನಲ್ಲಿ ಬೀದಿ ದಾಟಿದಳು. ಸೌಟು ಎದುರು ಮನೆಗೆ ಹೋಯಿತು. ಸಾಯಂಕಾಲ ಅಮ್ಮಣ್ಣಿ ಯಾರ ಬಾಗಿಲನ್ನೂ ವಿಚಾರಿಸದೆ ನೆಕ್ಕಿತು. ಉಂಡವರ ಹೊಟ್ಟೆ ತಣ್ಣಗಿರಲಿ, ಈ ಕಥೆಯನ್ನು ಕೇಳಿದವರ ಒಲೆಯ ಮೇಲೆ ಸದಾ ಆವಿಯಾಡಲಿ.